ಚೆಲುವರಾಜು ಭಾವನ ಬಂಕರು

ನಮ್ಮ ಭಾವ ಚೆಲುವರಾಜು ಮಿಲಿಟರಿಯಲ್ಲಿ ಹವಾಲ್ದಾರನಾಗಿದ್ದವನು. ಮೊದಲೆಲ್ಲ ಬಹುವಚನದಲ್ಲೇ ಹೇಳುತ್ತಿದ್ದೆ, ಈಗ ಬಾಯಿ ಬರುವುದಿಲ್ಲ. ವೀರನಹೊಸಹಳ್ಳಿಯವರಿಗೆ ಅವನು ಬರೀ ಚೆಲುವ. ಅದೇ ಅವನ ಕೊರಗು.

ಕಾಡಂಚಿನ ಅವನ ಜೋಳದ ಹೊಲಕ್ಕೆ ಆನೆ ತಪ್ಪಿದ್ದಲ್ಲ. ಕಾವಲಿಗೆ ಗಂಡಹೆಂಡಿರು ಸರದಿಯಲ್ಲಿ ಅಟ್ಟಣೆ ಹತ್ತುತ್ತಿದ್ದರು. ಹೋದ ವರ್ಷ ಒಂದಾನೆ ಅಟ್ಟಣೆಯ ಕಂಬಕ್ಕೇ ಮೈ ತಿಕ್ಕಿ ಹೋಯಿತು. ಅಂದಿನಿಂದ ನಮ್ಮಕ್ಕ ಸುನಂದಮ್ಮ ಅದನ್ನು ಹತ್ತಲು ಹೆದರುತ್ತಿದ್ದಳು.

"ಎದರ್ಕೋಬೇಡ ಕಣೇ. ಗಡೀಲಿ ಶೆಲ್ಲು ಬಿದ್ರೂ ಅಲ್ಲಾಡದಂಗೆ ಬಂಕರ್ ಕಟ್ಟಿವ್ನಿ ನಾನು, ಆನೆ ಯಾವ ಲೆಕ್ಕ," ಅಂದ ಭಾವ.

ಎಷ್ಟೇ ಸಿಟ್ಟಿರಲಿ, ಅವನ ಕೆಲಸವನ್ನು ಹಳಿಯಲಾರೆ. ಹೊಲದಲ್ಲೇ ಕಡ್ಡಿ ಹಿಡಿದು ನೆಲದ ಮೇಲೆ ಬಂಕರಿನ ನಕ್ಷೆ ಬರೆದ. ಎದೆಯುದ್ದ ಗುಂಡಿ, ಸುತ್ತ ಮಣ್ಣು ತುಂಬಿದ ಗೋಣಿಚೀಲದ ಗೋಡೆ. ಸೊಂಡಿಲು ಒಳಗೆ ಚಾಚದಂತೆ ಬಾಗಿಲ ದಾರಿಯನ್ನು ಮೊಣಕೈಯ ಹಾಗೆ ಮಡಚಿದ್ದ. ಗೋಡೆ ಮುಗಿದು, ಚಾವಣಿಗೆ ನೀಲಗಿರಿ ತೊಲೆಗಳೂ ಬಂದು ಬಿದ್ದವು.

ಅಷ್ಟರಲ್ಲಿ ಪಕ್ಕದ ರೆಸಾರ್ಟಿನ ಮಾಲೀಕ, ಅವನ ಮನೆ ಹಾಳಾಗ, ಅದನ್ನು ನೋಡಿದ. "ಹವಾಲ್ದಾರ್ ಸಾಹೇಬ್ರೇ, ನಮ್ಮ ಗೆಸ್ಟ್‌ಗಳು ಧ್ಯಾನಕ್ಕೆ ಕೂರೋಕೆ ಇಂಥದ್ದೇ ಬೇಕು. ನೀವೇ ಕಟ್ಟಿಕೊಡಬೇಕು," ಅಂದ. ಸಾಹೇಬ್ರೇ ಅಂದದ್ದೇ ತಡ, ಭಾವ ಉಬ್ಬಿಹೋದ. ಆ ತೊಲೆಗಳನ್ನೂ ಟ್ರ್ಯಾಕ್ಟರಿಗೆ ಹೇರಿಸಿ ಹೊರಟ.

"ನಮ್ದು ಮುಗ್ಸಿ ಓಗಿ ಅಂದೆ ಕಣ್ಲಾ. ಕಿವೀಗೇ ಆಕ್ಕಳ್ಳಿಲ್ಲ," ಎಂದು ಅಕ್ಕ ನನ್ನ ಹತ್ತಿರ ಅತ್ತಳು.

ನಾನು ಹೋಗಿ ಕೇಳಿದೆ. "ಅಕ್ಕನ ಜೀವಕ್ಕಿಂತ ದೊಡ್ಡದಾ ಭಾವ, ಆ ರೆಸಾರ್ಟು?"

"ಒಂದು ವಾರ ಕಣೋ. ಆಮೇಲೆ ನಮ್ದೇ," ಅಂದ.

ವಾರ ಎರಡು ತಿಂಗಳಾಯಿತು. ಅಲ್ಲಿ ಅವನಿಗೆ ಮಿಲಿಟರಿ ಟೋಪಿ ಹಾಕಿಸಿ ಗೆಸ್ಟ್‌ಗಳ ಜೊತೆ ಫೋಟೊ ತೆಗೆಸುತ್ತಿದ್ದರು, ಎಷ್ಟೋ ದಿನ ಅಲ್ಲೇ ಉಳಿಸಿಕೊಳ್ಳುತ್ತಿದ್ದರು. ಇತ್ತ ಜೋಳದ ತೆನೆ ಹಾಲುಗಟ್ಟಿತು. ಕಾವಲು ಅಕ್ಕನೊಬ್ಬಳ ತಲೆಗೇ ಬಂತು.

ಒಂದು ಬೆಳಿಗ್ಗೆ, ಬೆಳಕು ಹರಿಯಿತಲ್ಲ ಎಂದು ಅವಳು ಅಟ್ಟಣೆ ಇಳಿದಳು. ಜೋಳದೊಳಗೆ ಆನೆ ಇನ್ನೂ ಇತ್ತು. ಅಕ್ಕ ಓಡಿದ್ದು ಗಂಡ ಕಟ್ಟಿದ ಬಂಕರಿಗೇ. ಮಡಚಿದ ಬಾಗಿಲಲ್ಲಿ ಆನೆಗೆ ನುಗ್ಗಲಾಗಲಿಲ್ಲ. ಆದರೆ ಮೇಲೆ ಚಾವಣಿಯಿರಲಿಲ್ಲ. ಸೊಂಡಿಲು ಇಳಿಬಿಟ್ಟು ಅವಳನ್ನು ಎಳೆದುಕೊಂಡಿತು.

ತಿಥಿ ಮುಗಿದ ಮಾರನೆಯ ಬೆಳಿಗ್ಗೆ ಭಾವ ಹೊಸ ತೊಲೆ ತಂದು ಹೊಲದಲ್ಲಿ ನಿಂತಿದ್ದ. ನಾನು ಬದುವಿನ ಮೇಲೆ ಕೂತು ನೋಡಿದೆ. ತೊಲೆ ಜೋಡಿಸಿದ, ಮೇಲೆ ಮಣ್ಣು ಎಳೆದ, ಮೆಟ್ಟಿ ಮೆಟ್ಟಿ ಗಟ್ಟಿ ಮಾಡಿದ. ಸಂಜೆಯೊಳಗೆ ಮುಗಿಯಿತು. ಒಂದೇ ದಿನದ ಕೆಲಸ.