ಚಿನ್ನುಗೆ ಒಂದು ಒಳ್ಳೆ ಮನೆ ಬೇಕು

ನಮ್ಮ ಬೆಕ್ಕು ಚಿನ್ನುಗೆ ಒಳ್ಳೆ ಮನೆ ಬೇಕು ಅಂತ ಮೊನ್ನೆ ಇಲ್ಲೇ ಹಾಕಿದ್ದೆನಲ್ಲ, ಅದಕ್ಕೆ ಲೈಕ್ ಒತ್ತಿದವರೆಲ್ಲ ಇದನ್ನೂ ಓದಿಬಿಡಿ.

ಇವತ್ತು ಬೆಳಿಗ್ಗೆ ಹಂಗಳದಿಂದ ನಾಗಮ್ಮ ಅನ್ನೋರು ಬಸ್ಸು ಹತ್ತಿ ಗುಂಡ್ಲುಪೇಟೆಗೆ, ನಮ್ಮನೆಗೆ ಬಂದರು. ಕೂಲಿ ಕೆಲಸದವರು. ಬೆಕ್ಕು ಕೊಡೋ ಮುಂಚೆ ಎಲ್ಲ ವಿಚಾರಿಸಬೇಕು ಅಂತ ಎಲ್ಲೋ ಓದಿದ್ದೆ. ಬಾಗಿಲಲ್ಲೇ ನಿಲ್ಲಿಸಿಕೊಂಡು ಶುರು ಮಾಡಿದೆ.

"ದಿನಾ ಹಾಲು ಹಾಕ್ತೀರಾ?"

"ಟೀಗೆ ತರೋದ್ರಲ್ಲೇ ಒಸಿ ಹಾಕ್ತೀನಿ ಸಾ."

"ನಿಮ್ಮ ಕಡೆ ಚಿರತೆ ಬರುತ್ತೆ. ರಾತ್ರಿ ಎಲ್ಲಿ ಬಿಡ್ತೀರಾ?"

"ಎಲ್ಗೂ ಬುಡಕಿಲ್ಲ ಸಾ. ನಾನು ಮನಗೋ ಚಾಪೆ ಮ್ಯಾಲೇ ಮನಗ್ತದೆ."

ಪರೀಕ್ಷೆಯಲ್ಲಿ ಅವರನ್ನ ಪಾಸು ಮಾಡಿದ ಮೇಷ್ಟ್ರ ಹಾಗೆ ತಲೆ ಆಡಿಸಿದೆ. ಚಿನ್ನು ಆಗಲೇ ಅವರ ಕಾಲಿಗೆ ಮೈ ಉಜ್ಜುತ್ತಿತ್ತು. ಅದನ್ನ ಎತ್ತಿಕೊಂಡು, ಒಳಗೆ ಒಂದು ಸಲ ಕಣ್ಣು ಹಾಯಿಸಿ ಕೇಳಿದರು: "ಇದೂ ಒಳ್ಳೆ ಮನೇನೇ ಅಲ್ವಾ ಸಾ? ಮತ್ಯಾಕೆ ಕೊಡ್ತಿದ್ದೀರಿ?"

ಹೊಸ ಸೋಫಾ ಪರಚುತ್ತೆ ಅನ್ನೋಕೆ ಬಾಯಿ ಬರಲಿಲ್ಲ. ಬೆಕ್ಕಿನ ಕೂದಲಿಗೆ ನನಗೆ ಸೀನು ಬರುತ್ತೆ ಅಂದೆ.

"ಅಯ್ಯೋ, ಮೈ ಉಸಾರು ನೋಡ್ಕಳಿ ಸಾ" ಅಂತ ನನಗೇ ಹೇಳಿ, ಚಿನ್ನುನ ಸೆರಗಲ್ಲಿ ಸುತ್ತಿಕೊಂಡು ಹೊರಟುಹೋದರು.

ಅದೇ ಸೋಫಾ ಮೇಲೆ ಕೂತು ಇದನ್ನ ಬರೀತಿದೀನಿ. ಅದರ ಪ್ಲಾಸ್ಟಿಕ್ ಕವರ್ ನಾನಿನ್ನೂ ತೆಗೆದೇ ಇಲ್ಲ.