ವ್ಯಾನು ಹಿಡಿಸದ ದಾರಿ

ಅಬುಧಾಬಿಯ ಒಂದು ಆಸ್ಪತ್ರೆಯಲ್ಲಿ ನಾನು ಫಿಸಿಯೋಥೆರಪಿಸ್ಟ್. ಮಂಡಿ ಆಪರೇಷನ್ ಆದವರನ್ನು ಮತ್ತೆ ನಡೆಯುವಂತೆ ಮಾಡುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ ಹಾಗೆ ಬಂದವರಲ್ಲಿ ಒಬ್ಬರು ಇಂಗ್ಲೆಂಡಿನ ವೃದ್ಧೆ. ಮಗನ ಮನೆಗೆಂದು ಬಂದವರು ಇಲ್ಲೇ ಬಿದ್ದು ಮಂಡಿ ಮುರಿದುಕೊಂಡಿದ್ದರು. ನಾನು ಕಾಲು ಮಡಚಿಸುವಾಗ ನೋವು ಮರೆಯಲು ಅವರು ಕಣ್ಣು ಮುಚ್ಚಿ ತಮ್ಮ ಊರಿನ ದಾರಿಯನ್ನು ವರ್ಣಿಸುತ್ತಿದ್ದರು. ಕಾರ್ನ್‌ವಾಲ್‌ನ ಕಡಲ ದಾರಿ. ಒಂದು ಬದಿ ಸಮುದ್ರ, ಇನ್ನೊಂದು ಬದಿ ಕಲ್ಲು ಪೇರಿಸಿದ ಗೋಡೆ, ಗೋಡೆಯಾಚೆ ಹಸುಗಳು. ದಾರಿ ಎಷ್ಟು ಸಪೂರವೆಂದರೆ, ಎರಡು ಕಾರು ಎದುರಾದರೆ ಒಂದು ಹಿಂದಕ್ಕೆ ಹೋಗಿ ಜಾಗ ಬಿಡಲೇಬೇಕು.

"ಜಗಳ ಆಗುವುದಿಲ್ಲವಾ?" ಎಂದು ಕೇಳಿದ್ದೆ.

"ಇಲ್ಲ. ಜಾಗ ಬಿಟ್ಟವರಿಗೆ ಕೈ ಎತ್ತಿ ಥ್ಯಾಂಕ್ಸ್ ಹೇಳಿ ಹೋಗುತ್ತಾರೆ," ಎಂದಿದ್ದರು.

ಅವರು ಗುಣವಾಗಿ ಹೊರಟುಹೋದರು. ಆ ದಾರಿ ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ಗಲ್ಫಿಗೆ ಬಂದ ಮೇಲೆ ನಮ್ಮ ಒಂದೇ ಒಂದು ರಜೆಯೂ ನನ್ನದಾಗಿರಲಿಲ್ಲ. ಗಂಡನ ಕಡೆಯ ಮದುವೆ, ನನ್ನ ಕಡೆಯ ಗೃಹಪ್ರವೇಶ, ಯಾರದೋ ಬಾಣಂತನ, ಇನ್ಯಾರದೋ ಸಾವಿನ ಬೊಜ್ಜ. ಪ್ರತಿ ಸಲ ಉಡುಪಿಗೆ ಹೋಗಿ, ನಾಲ್ಕು ಮನೆಯ ಅಡುಗೆಮನೆಗಳಲ್ಲಿ ನಿಂತು, ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ ತುಂಬಿಕೊಂಡು ಬರುತ್ತಿದ್ದೆ. ಈ ಒಂದು ದಾರಿಯನ್ನು ನಾನು ನೋಡಬೇಕು, ಅದೂ ನಾನೇ ಕಾರು ಓಡಿಸಿಕೊಂಡು ನೋಡಬೇಕು ಅನ್ನಿಸಿತು.

ಕಾರು ಓಡಿಸುವುದು ನನಗೆ ಸುಮ್ಮನೆ ಸಿಕ್ಕಿದ್ದಲ್ಲ. ಟೆಸ್ಟಿನಲ್ಲಿ ಮತ್ತೆ ಮತ್ತೆ ಫೇಲಾಗಿ, ಗಂಡನಿಂದ "ನಿನಗೆ ಯಾಕೆ ಬೇಕಿತ್ತು ಇದು" ಎಂದು ಹೇಳಿಸಿಕೊಂಡು ಪಡೆದ ಲೈಸನ್ಸು. ಆಮೇಲೆ ಆಸ್ಪತ್ರೆಯವರು ವಾರಕ್ಕೊಮ್ಮೆ ದೂರದ ಅಲ್ ಐನ್ ಊರಿನ ಕ್ಲಿನಿಕ್ಕಿಗೂ ಕಳಿಸತೊಡಗಿದರು. ಮರಳುಗಾಳಿಯಲ್ಲಿ, ಚಳಿಗಾಲದ ಬೆಳಗಿನ ಮಂಜಿನಲ್ಲಿ, ಲಾರಿಗಳ ನಡುವೆ ಒಬ್ಬಳೇ ಓಡಿಸಿದ್ದೇನೆ. ನಾನು ಒಳ್ಳೆಯ ಡ್ರೈವರ್. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಅಬುಧಾಬಿಯ ಖಾಲಿದಿಯಾ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಊಟದ ಮೇಜಿನ ಮೇಲೆ ಇಂಗ್ಲೆಂಡಿನ ನಕ್ಷೆ ಹರಡಿದೆ. ಹೋಗುವವರು ನಾನು, ಗಂಡ, ಮಗಳು, ಮೂವರೇ. ಡಾರ್ಸೆಟ್‌ನ ಲೈಮ್ ರೀಜಿಸ್‌ನಲ್ಲಿ ಶುರು. ಅಲ್ಲಿ ಬಂಡೆ ಕುಸಿದ ಜಾಗದಲ್ಲಿ ಶಂಖದಾಕಾರದ ಪಳೆಯುಳಿಕೆಗಳು ಸಿಗುತ್ತವಂತೆ. ಡಾರ್ಟ್‌ಮತ್‌ನಲ್ಲಿ ಕಾರನ್ನೇ ದೋಣಿಗೆ ಹತ್ತಿಸಿ ನದಿ ದಾಟುವುದು. ಆಮೇಲೆ ಕಾರ್ನ್‌ವಾಲ್, ಸೇಂಟ್ ಐವ್ಸ್‌ನಿಂದ ಹೊರಡುವ, ಆ ವೃದ್ಧೆ ಹೇಳಿದ ದಾರಿ. ಎಲ್ಲಿ ಪೆಟ್ರೋಲು ಸಿಗುತ್ತದೆ, ಯಾವ ಊರಿನಲ್ಲಿ ಕಾರು ಗುಡ್ಡದ ಮೇಲೆ ಬಿಟ್ಟು ನಡೆದು ಇಳಿಯಬೇಕು, ಉಬ್ಬರ ಇಳಿತ ಯಾವಾಗ, ಎಲ್ಲವನ್ನೂ ಓದಿದೆ. ಅಲ್ಲಿ ಊರಿನ ಹಾಗೆಯೇ ಎಡಗಡೆ ಓಡಿಸಬೇಕು. ನಾನು ಕಲಿತದ್ದು ಇಲ್ಲಿ, ಬಲಗಡೆ. ಅದಕ್ಕೆಂದೇ ಆ ಸಲ ಊರಿಗೆ ಹೋದಾಗ ಬಾಡಿಗೆ ಕಾರು ತೆಗೆದುಕೊಂಡು ಮಲ್ಪೆಯಿಂದ ಕಾಪುವಿಗೆ ಬೆಳಗ್ಗೆ ಬೆಳಗ್ಗೆ ಓಡಿಸಿ ಅಭ್ಯಾಸ ಮಾಡಿದೆ. ಎದುರಿನಿಂದ ಬಸ್ಸು ಬಂದರೆ ಕಾರನ್ನು ರಸ್ತೆಯಂಚಿಗೆ ಇಳಿಸಿಬಿಡುತ್ತಿದ್ದೆ. ಆದರೂ ಬಿಡಲಿಲ್ಲ.

ಗಂಡನಿಗೆ ಏನು ಕೇಳಿದರೂ ಒಂದೇ ಉತ್ತರ: "ನೀನೇ ನೋಡ್ಕೋ ಮಾರಾಯ್ತಿ." ನಂಬಿಕೆಯಿಂದ ಹೇಳುತ್ತಿದ್ದಾರೆ ಅಂದುಕೊಂಡಿದ್ದೆ.

ವೀಸಾ ಬಂದ ವಾರ ದುಬೈಯಲ್ಲಿರುವ ಅತ್ತಿಗೆಯ ಮನೆಗೆ ಊಟಕ್ಕೆ ಹೋದೆವು. ಅತ್ತಿಗೆಯೆಂದರೆ ಗಂಡನ ಅಕ್ಕ. ಆಕೆಯ ಗಂಡನದು ಮುಹೈಸ್ನಾದ ಕಾರ್ಮಿಕರ ಕ್ಯಾಂಪುಗಳಿಗೆ ಊಟ ಕಳಿಸುವ ವ್ಯಾಪಾರ. ದೊಡ್ಡ ಧ್ವನಿ, ದೊಡ್ಡ ಕಾರು, ಎಲ್ಲರಿಗೂ ಬಲವಂತ ಮಾಡಿ ಬಡಿಸುವ ಕೈ. ಕೋಳಿ ಸುಕ್ಕ ಬಡಿಸುತ್ತ ಅತ್ತಿಗೆ ಹೇಳಿದರು:

"ನಮ್ಮದೂ ವೀಸಾ ಆಯ್ತು. ವ್ಯಾನಿನ ಫೋಟೋ ತೋರಿಸಿದ ತಮ್ಮ. ಒಳ್ಳೇದುಂಟು."

"ಯಾವ ವ್ಯಾನು?" ಎಂದೆ.

ಗಂಡ ತಲೆ ಎತ್ತಲಿಲ್ಲ. "ಒಂಬತ್ತು ಸೀಟಿದ್ದು. ಅಕ್ಕ, ಭಾವ, ಹುಡುಗರು, ನಾವು. ಮ್ಯಾಂಚೆಸ್ಟರ್‌ನಿಂದ ಭಾವನ ತಮ್ಮನೂ ಅವನ ಹೆಂಡತಿಯೂ ಬರ್ತಾರೆ. ಒಟ್ಟಿಗೆ ಹೋದ್ರೆ ಚಂದ ಅಲ್ವಾ?"

"ನನಗೆ ಹೇಳಲೇ ಇಲ್ಲವಲ್ಲ ನೀವು."

"ಈಗ ಹೇಳಿದೆನಲ್ಲ."

ಅತ್ತಿಗೆಯ ಗಂಡ ನಕ್ಕರು. "ಡ್ರೈವಿಂಗ್ ಚಿಂತೆ ಬೇಡ, ನಾನಿದ್ದೇನೆ. ಹೆಂಗಸರೆಲ್ಲ ಹಿಂದೆ ಕೂತು ಆರಾಮವಾಗಿ ಮಾತಾಡಿಕೊಂಡು ಬನ್ನಿ."

"ಆ ದಾರಿಗೆ ವ್ಯಾನು ಹಿಡಿಸುವುದಿಲ್ಲ," ಎಂದೆ. ನನ್ನ ಧ್ವನಿ ನನಗೇ ಬೇರೆ ಕೇಳಿಸಿತು.

"ಹಿಡಿಸದಿದ್ದರೆ ಬೇರೆ ದಾರಿ," ಎಂದರು ಗಂಡ. "ಮೊದಲು ಲಂಡನ್, ಆಮೇಲೆ ಮ್ಯಾಂಚೆಸ್ಟರ್, ಹುಡುಗರಿಗೆ ಫುಟ್‌ಬಾಲ್ ಸ್ಟೇಡಿಯಂ, ಅಕ್ಕನಿಗೆ ಔಟ್‌ಲೆಟ್ ಮಾಲ್. ನಿನಗೆ ಸಮುದ್ರ ಬೇಕಲ್ಲ, ಬ್ರೈಟನ್‌ಗೆ ಒಂದು ಮಧ್ಯಾಹ್ನ ಹೋಗಿ ಬರುವ. ಸಮುದ್ರ ಅಂದ್ರೆ ಎಲ್ಲಾ ಕಡೆ ಒಂದೇ ಅಲ್ವಾ?"

ಒಂದು ಮಧ್ಯಾಹ್ನ. ತಟ್ಟೆಯಲ್ಲಿದ್ದ ಅನ್ನವನ್ನು ನಾನು ಹೇಗೆ ಮುಗಿಸಿದೆನೋ ಗೊತ್ತಿಲ್ಲ. ಅತ್ತಿಗೆ ಆಗಲೇ ಸಾಮಾನಿನ ಮಾತಿಗಿಳಿದಿದ್ದರು. ಬಾಡಿಗೆ ಮನೆಗಳಲ್ಲಿ ಅಡುಗೆಮನೆ ಇರುತ್ತದೆ, ಹೊರಗಿನ ಊಟ ಯಾರಿಗೂ ಹಿಡಿಸುವುದಿಲ್ಲ, ಕುಚ್ಚಲಕ್ಕಿ ಅವರು ತರುತ್ತಾರೆ, ದೊಡ್ಡ ಕುಕ್ಕರ್ ನಾನು ತರಬೇಕು. "ನಾವಿಬ್ಬರು ಸೇರಿದರೆ ಒಂಬತ್ತು ಜನಕ್ಕೆ ಬೇಯಿಸುವುದು ಎಂತ ದೊಡ್ಡದು?" ಎಂದರು.

ಮನೆಗೆ ಮರಳುವಾಗ ಕಾರು ಓಡಿಸಿದ್ದು ನಾನು. ಗಂಡ ಪಕ್ಕದಲ್ಲಿ, ಮಗಳು ಹಿಂದೆ. ದುಬೈ ದಾಟಿದ ಮೇಲೆ ಗಂಡನೇ ಶುರು ಮಾಡಿದರು. "ಇಷ್ಟಕ್ಕೆಲ್ಲ ಮುಖ ಊದಿಸಿಕೊಳ್ಳೋದಾ? ಅಕ್ಕ ಆಸೆಪಟ್ಟು ಕೇಳಿದಳು. ಬೇಡ ಅಂತ ಹೇಗೆ ಹೇಳ್ಲಿ?"

"ನಾನೂ ಆಸೆಪಟ್ಟೇ ಕೇಳಿದ್ದು. ನನಗೆ ಬೇಡ ಅಂತ ಹೇಗೆ ಹೇಳಿದಿರಿ?"

"ನಿನಗೆ ಬೇಡ ಅಂದೆನಾ ನಾನು? ಬ್ರೈಟನ್ ಉಂಟಲ್ಲ."

ಬ್ರೈಟನ್ ಎಂಬ ಊರಿನ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಆದರೆ ಆ ಹೊತ್ತಿನಲ್ಲಿ ಆ ಹೆಸರು ಇನ್ನೊಮ್ಮೆ ಕೇಳಿದ್ದರೆ ಕಾರನ್ನು ರಸ್ತೆ ಬದಿಗೆ ನಿಲ್ಲಿಸಿ ಅವರನ್ನು ಇಳಿಸಿಬಿಡುತ್ತಿದ್ದೆ. ಹಿಂದಿನ ಸೀಟಿನಿಂದ ಮಗಳು, "ಅಮ್ಮ, ಜಸ್ಟ್ ಟೆಲ್ ದೆಮ್ ನೋ," ಎಂದಳು. "ದೊಡ್ಡವರ ಮಾತಿನ ನಡುವೆ ಬರಬೇಡ," ಎಂದರು ಅವಳಪ್ಪ.

ಆ ವಾರವಿಡೀ ನಾನು ಪಾತ್ರೆ ಕುಕ್ಕಿದೆ, ಬಾಗಿಲು ದಬ್ಬಿದೆ. ಆಸ್ಪತ್ರೆಯಲ್ಲಿ ಯಾರದೋ ಮಂಡಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಒತ್ತಿ, ಅವರು ಕೂಗಿದಾಗ ಕ್ಷಮೆ ಕೇಳಿದೆ. ನನ್ನನ್ನು ಹೆಚ್ಚು ಉರಿಸಿದ್ದು ವ್ಯಾನಲ್ಲ. ಅಷ್ಟು ತಿಂಗಳು ಮೇಜಿನ ಮೇಲೆ ಆ ನಕ್ಷೆ ಇತ್ತು. ಅದನ್ನು ಸರಿಸಿಯೇ ಅವರು ದಿನಾ ಊಟ ಮಾಡುತ್ತಿದ್ದರು. ಒಮ್ಮೆಯೂ ಅದರಲ್ಲಿ ಬೆರಳಿಟ್ಟು, ಇದೇನು ಎಂದು ಕೇಳಿರಲಿಲ್ಲ. "ನೀನೇ ನೋಡ್ಕೋ" ಎಂದರೆ ನನಗೆ ಬೇಕಾಗಿಲ್ಲ ಎಂದು ಅರ್ಥ. ಅದನ್ನು ನಂಬಿಕೆ ಅಂದುಕೊಂಡವಳು ನಾನು.

ಮುಂದಿನ ವಾರ ಎಲ್ಲರೂ ನಮ್ಮ ಮನೆಗೆ ಬಂದರು, ಪ್ರಯಾಣದ ಮಾತು ಮುಗಿಸಲು. ಚಹಾ ಕೊಟ್ಟೆ. ಅತ್ತಿಗೆ ಕುಕ್ಕರ್ ಎಲ್ಲಿ ಎಂದು ಕೇಳಿದರು. ನಾನು ನಿಂತಲ್ಲೇ ಹೇಳಿದೆ:

"ಅತ್ತಿಗೆ, ಕುಕ್ಕರ್ ಬೇಕಾದರೆ ತೆಗೆದುಕೊಂಡು ಹೋಗಿ. ನಾನು ವ್ಯಾನಿನಲ್ಲಿ ಬರುವುದಿಲ್ಲ. ಚಿಕ್ಕ ಕಾರೊಂದು ಬುಕ್ ಮಾಡಿದ್ದೇನೆ. ಲಂಡನ್‌ವರೆಗೆ ಎಲ್ಲರೂ ಒಂದೇ ವಿಮಾನ. ಅಲ್ಲಿಂದ ನಾನು ನನ್ನ ದಾರಿಯಲ್ಲಿ ಹೋಗುತ್ತೇನೆ. ಬರುವವರು ಬರಬಹುದು."

ಗಂಡ ನಕ್ಕರು. ತಮಾಷೆ ಅಂದುಕೊಂಡಿರಬೇಕು. "ಒಬ್ಬಳೇ? ಗೊತ್ತಿಲ್ಲದ ದೇಶದಲ್ಲಿ?"

"ಐ ಆಮ್ ಗೋಯಿಂಗ್ ವಿತ್ ಅಮ್ಮ," ಎಂದಳು ಮಗಳು.

ಅತ್ತಿಗೆಯ ಗಂಡನ ಧ್ವನಿ ಏರಿತು. "ಇದು ಮರ್ಯಾದೆಯಾ? ಕುಟುಂಬ ಅಂದ ಮೇಲೆ ಹೊಂದಿಕೊಂಡು ಹೋಗಬೇಕು."

"ಇಷ್ಟು ವರ್ಷ ಹೊಂದಿಕೊಂಡೇ ಹೋಗಿದ್ದೇನೆ," ಎಂದೆ. "ಇದು ನಾನು ಹುಡುಕಿದ ದಾರಿ. ನನ್ನನ್ನು ಕೇಳದೆ ನೀವು ಅದಕ್ಕೆ ವ್ಯಾನು ತಂದಿರಿ, ಆಮೇಲೆ ದಾರಿಯನ್ನೇ ತೆಗೆದುಹಾಕಿದಿರಿ. ಅದು ಯಾವ ಮರ್ಯಾದೆ?"

ಅತ್ತಿಗೆ ಚಹಾದ ಲೋಟ ಕೆಳಗಿಟ್ಟು ಎದ್ದರು. ಕುಕ್ಕರ್ ಒಯ್ಯಲಿಲ್ಲ.

ಕೊನೆಗೂ ಹಾಗೆಯೇ ಹೋದೆವು. ಲಂಡನ್ನಿನಲ್ಲಿ ಇಳಿದ ಮೇಲೆ ಅವರ ಲಗೇಜು ವ್ಯಾನಿಗೆ, ನಮ್ಮದು ಪುಟ್ಟ ನೀಲಿ ಕಾರಿಗೆ. ಗಂಡ ವ್ಯಾನು ಹತ್ತಿದರು. ಕೊನೆಯ ಕ್ಷಣದವರೆಗೂ ನಾನು ಕರೆಯುತ್ತೇನೆಂದು ಅವರು ಕಾದಿರಬಹುದು. ಅವರೇ ಇಳಿದು ಬರುತ್ತಾರೆಂದು ನಾನೂ ಕಾದೆ. ಇಬ್ಬರಿಗೂ ಹಠ.

ಇಲ್ಲಿಂದಾಚೆಗೆ ಎಲ್ಲವೂ ಸೊಗಸಾಗಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಲೈಮ್ ರೀಜಿಸ್‌ನಲ್ಲಿ ಜಡಿಮಳೆ. ನಾನು ಸಮುದ್ರದ ಎದುರು ನಿಂತು ಸಮುದ್ರ ನೋಡುತ್ತಿರಲಿಲ್ಲ, ಗಂಡನಿಗೆ ಮನಸ್ಸಿನಲ್ಲೇ ಉತ್ತರ ಕೊಡುತ್ತಿದ್ದೆ. ಡಾರ್ಟ್‌ಮತ್‌ನ ದೋಣಿಯ ಮೇಲೂ ಅದೇ. ಮಗಳು ಒಂದು ಸಲ ರೇಗಿದಳು: "ಅಮ್ಮ, ನೀನು ಇಲ್ಲೇ ಇಲ್ಲ." ಅವಳು ಕನ್ನಡದಲ್ಲಿ ಹೇಳಿದ್ದಕ್ಕೋ ಏನೋ, ಸರಿಯಾಗಿ ನಾಟಿತು.

ಸೇಂಟ್ ಐವ್ಸ್ ದಾಟಿದ ಮೇಲೆ ಒಂದು ಒಳದಾರಿಯಲ್ಲಿ, ಎರಡೂ ಕಡೆ ಗೋಡೆ, ಎದುರಿಗೆ ಟ್ರ್ಯಾಕ್ಟರ್ ಬಂತು. ಹಿಂದಕ್ಕೆ ಹೋಗಬೇಕಾದವಳು ನಾನೇ. ಕುತ್ತಿಗೆ ತಿರುಗಿಸಿ, ತಿರುವಿನ ಮೇಲೆ ತಿರುವು, ಇಂಚಿಂಚಾಗಿ ಹಿಂದೆ ಹೋದೆ. ಮಗಳು ಕಿಟಕಿಯಿಂದ ತಲೆ ಹೊರಹಾಕಿ "ಬರಲಿ, ಬರಲಿ, ಸಾಕು" ಎನ್ನುತ್ತಿದ್ದಳು, ಥೇಟ್ ನಮ್ಮೂರಿನ ಬಸ್ಸಿನ ಕಂಡಕ್ಟರನಂತೆ. ಒಂದು ಗೇಟಿನ ಬಳಿ ಜಾಗ ಸಿಕ್ಕಿತು. ಟ್ರ್ಯಾಕ್ಟರಿನವನು ಹಾದುಹೋಗುತ್ತ ಕೈ ಎತ್ತಿದ. ಕಾರು ನಿಲ್ಲಿಸಿ ಇಳಿದೆ. ಗೇಟಿನಾಚೆ ಹೊಲ, ಹೊಲದ ಕೊನೆಯಲ್ಲಿ ಬಂಡೆ, ಕೆಳಗೆ ಬೂದುಬಣ್ಣದ, ಕುದಿಯುವಂಥ ಸಮುದ್ರ. ನಮ್ಮ ಮಲ್ಪೆಯದಲ್ಲ, ಅಬುಧಾಬಿಯ ಕಾರ್ನಿಶ್ ಕಡಲತೀರದ್ದಂತೂ ಅಲ್ಲ. ಎಲ್ಲಾ ಕಡೆ ಒಂದೇ ಅಂದವರು ಇಲ್ಲಿ ಬಂದು ನಿಲ್ಲಬೇಕಿತ್ತು ಎಂದು ಮತ್ತೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ, ಚೆನ್ನಾಗಿ, ಕಣ್ತುಂಬ ನೋಡಿದೆ.

ಊರಿಗೆ, ಅಂದರೆ ಅಬುಧಾಬಿಗೆ, ಮರಳಿದ ಮೇಲೆ ಗಂಡನೂ ನಾನೂ ಬಹಳ ದಿನ ಉಪ್ಪು, ನೀರು ಎಂಬಷ್ಟೇ ಮಾತಾಡಿದೆವು. ಆಮೇಲೆ ಅವರ ಆಫೀಸಿನವರು ಊಟಕ್ಕೆ ಬಂದ ದಿನ ನನ್ನ ಫೋಟೋಗಳನ್ನು ಟಿವಿಯ ಮೇಲೆ ಹಾಕಿ ವಿವರಿಸತೊಡಗಿದರು. "ನಾವು ಕಾರ್ನ್‌ವಾಲ್‌ಗೆ ಪ್ಲ್ಯಾನ್ ಮಾಡಿದಾಗ..."

ಅಡುಗೆಮನೆಯಿಂದ ಸೌಟು ಹಿಡಿದೇ ಬಂದೆ. "ಇವರು ಕಾರ್ನ್‌ವಾಲ್ ನೋಡಿಲ್ಲ," ಎಂದೆ. "ಇವರು ಮ್ಯಾಂಚೆಸ್ಟರ್‌ನಲ್ಲಿದ್ದರು."

ಬಂದವರು ನಕ್ಕರು. ಗಂಡ ನಗಲಿಲ್ಲ. ಅವರೆಲ್ಲ ಹೋದ ಮೇಲೆ ಕೇಳಿದರು, "ನಾಲ್ಕು ಜನರೆದುರು ಹಾಗೆ ಹೇಳಬೇಕಿತ್ತಾ?"

"ನೀವು 'ನಾವು' ಅಂತ ನಾಲ್ಕು ಜನರೆದುರೇ ಹೇಳಿದಿರಲ್ಲ."

ಅವರು ಟಿವಿಯತ್ತ ತಿರುಗಿದರು. ಪರದೆಯ ಮೇಲಿದ್ದ ಫೋಟೋ ತೋರಿಸಿ, "ಈ ಗೇಟು ಎಲ್ಲಿಯದು?" ಎಂದು ಕೇಳಿದರು. ಆ ದಾರಿಯ ಬಗ್ಗೆ ಅವರು ಕೇಳಿದ ಮೊದಲ ಪ್ರಶ್ನೆ ಅದು. ಅಂಥದೊಂದನ್ನು ನಕ್ಷೆ ಮೇಜಿನ ಮೇಲಿದ್ದಾಗಲೇ ಕೇಳಬಹುದಿತ್ತು. ನಾನು ಹೇಳಿದೆ, ಆದರೆ ಕೂತು ಹೇಳಲಿಲ್ಲ, ಪಾತ್ರೆ ಎತ್ತಿಡುತ್ತಲೇ ಹೇಳಿದೆ.