ಕೊಡೆ ಅರಳುವ ಮುನ್ನ

ಡರ್ಹಮ್ ಬಳಿಯ ಅಣಬೆ ಶೆಡ್ಡಿನಲ್ಲಿ ವಿದ್ಯುತ್ತನ್ನು ಉಳಿಸಿದವರು ಮಾಲೀಕರು. ಅದಕ್ಕಾಗಿ ಕೆಮ್ಮಿ ಏದುಸಿರು ಬಿಟ್ಟವರು ಅಣಬೆ ಕೀಳುವ ಹೆಂಗಸರು.

ವಾಷಿಂಗ್ಟನ್ನಿನಲ್ಲಿ ಪೆಟ್ರೋಲಿಗಾಗಿ ಕಾರುಗಳು ಸಾಲುಗಟ್ಟಿದ್ದ ಬೇಸಿಗೆ ಅದು. ಹಾಗಾಗಿ ಕಾರು ಬಿಟ್ಟು, ಅಲ್ಲಿಂದ ಡರ್ಹಮ್‌ಗೆ ಬೆಳಗಿನ ಬಸ್ಸು ಹಿಡಿದೆ. ಇನ್ನೂರೈವತ್ತು ಮೈಲಿಗೂ ಮೀರಿದ ದಾರಿ. ರಿಚ್ಮಂಡ್‌ನಲ್ಲಿ ಬ್ರೆಡ್ಡು, ಸೇಬು ತಿಂದೆ. ಡರ್ಹಮ್‌ನಲ್ಲಿ ಇಳಿದಾಗ ಸೆಕೆ ಮೈಗೆ ಅಂಟಿತು, ಗಾಳಿಯಲ್ಲಿ ಹೊಗೆಸೊಪ್ಪಿನ ವಾಸನೆಯಿತ್ತು. ನಾನು ಕಾರ್ಮಿಕರ ಆರೋಗ್ಯದ ಬಗ್ಗೆ ಬರೆಯುವವಳೆಂದು ತಿಳಿದು ಕರೆಸಿಕೊಂಡಿದ್ದ ಡಾ. ವಿಶಾಲಾಕ್ಷಿ ಕಾರಿನಲ್ಲಿ ಕಾದಿದ್ದರು. ಅವರು ಮೈಸೂರಿನವರು, ಶ್ವಾಸಕೋಶದ ವೈದ್ಯೆ.

ಸಂಜೆ ಅವರ ಮನೆಯಲ್ಲಿ ಅದೇ ಅಣಬೆಯ ಪಲ್ಯ. ಮೆಡಿಟರೇನಿಯನ್ ಸೀಮೆಯ ಹುಲ್ಲುಗಾವಲುಗಳಲ್ಲಿ ಮುಳ್ಳುಗಿಡದ ಬೇರಿಗೆ ಅಂಟಿ ಹುಟ್ಟುವ ಚಿಪ್ಪು ಅಣಬೆ ಇದು. ರುಚಿಯೆಲ್ಲ ದಪ್ಪ ಬಿಳಿ ಕಾಂಡದಲ್ಲಿ. ಬಿಲ್ಲೆಗಳಾಗಿ ಕತ್ತರಿಸಿ, ಬೆಳ್ಳುಳ್ಳಿ ಮೆಣಸು ಹಾಕಿ ಹುರಿದರೂ ಕುಗ್ಗುವುದಿಲ್ಲ. ಅದನ್ನು ತಂದವಳು ಲೊರೀನ್, ಕೆಮ್ಮಿನಿಂದಾಗಿ ಶೆಡ್ಡಿನ ಕೆಲಸವನ್ನು ಆಗಷ್ಟೇ ಕಳೆದುಕೊಂಡಿದ್ದ ಅವರ ರೋಗಿ.

"ಡಾಕ್ಟರು ನನ್ನನ್ನು ಶೆಡ್ಡಿನಿಂದ ದೂರ ಇಡುತ್ತಾರೆ, ಶೆಡ್ಡನ್ನು ಮಾತ್ರ ತಟ್ಟೆಗೆ ಹಾಕಿಕೊಳ್ಳುತ್ತಾರೆ," ಎಂದು ಆಕೆ ಇಂಗ್ಲಿಷಿನಲ್ಲಿ ಕೆಣಕಿದಳು.

ವೈದ್ಯೆ ನಕ್ಕು ನನಗೆ ಹೇಳಿದರು: "ಕುಕ್ ಮಾಡಿ ತಿಂದ್ರೆ ಏನೂ ಆಗಲ್ಲ ಕಣ್ರೀ. ಕೊಡೆ ಅರಳಿದ್ ಮೇಲೆ ಬಿಳೀ ಪೌಡರ್ ಉದುರತ್ತಲ್ಲ, ಅದನ್ನ ದಿನಾ ಬ್ರೀದ್ ಮಾಡಿದ್ರೆ ಕಷ್ಟ. ಕೆಲ್ಸಕ್ಕೆ ಹೋದ್ರೆ ಸಾಯಂಕಾಲ ಫೀವರ್, ಕೆಮ್ಮು. ರಜ ಹಾಕಿದ್ರೆ ನಾರ್ಮಲ್. ಇಲ್ಲಿ ಕೊಡೆಗೆ ಕ್ಯಾಪ್ ಅಂತಾರೆ. ಪಾಪ, ಇವಳಿಗೆ ಟೋಪಿ ಹಾಕಿರೋದೂ ಅದೇ."

ಮರುದಿನ ಮಾಲೀಕರು ಸೌಜನ್ಯದಿಂದಲೇ ಶೆಡ್ಡು ತೋರಿಸಿದರು. ಅಣಬೆ ಬೆಳೆಯಲು ಹತ್ತಿಬೀಜದ ಸಿಪ್ಪೆ ತುಂಬಿದ ಚೀಲಗಳು. ತಂಪು ಹೊರಹೋಗದಂತೆ ಗಾಳಿಕಿಂಡಿಗಳಿಗೆ ಹಲಗೆ ಹೊಡೆಸಿದ್ದರು. ನೆಲದ ಮೇಲೆ ಅಕ್ಕಿಹಿಟ್ಟಿನಂಥ ಧೂಳು.

"ಕಾಂಡವನ್ನಲ್ಲವೇ ತಿನ್ನುವುದು? ಕೊಡೆ ಅರಳುವವರೆಗೆ ಏಕೆ ಕಾಯುತ್ತೀರಿ?" ಎಂದೆ.

"ಅರಳಿದರೆ ನೋಡಲು ಚೆಂದ. ತೂಕವೂ ಬರುತ್ತದೆ."

"ಲೊರೀನ್?"

"ಆಕೆಯ ಎದೆ ಮೊದಲೇ ಕೆಟ್ಟಿತ್ತು. ಬಟ್ಟೆ ಗಿರಣಿಯಿಂದ ಬಂದವಳು."

ಹತ್ತಿಯ ಧೂಳಿನಿಂದ ಕಾರ್ಮಿಕರ ಎದೆ ಕೆಟ್ಟಾಗ ಗಿರಣಿಯವರು ಸಿಗರೇಟನ್ನು ದೂರಿದ್ದರು. ಇವರು ಗಿರಣಿಯನ್ನು ದೂರಿದರು. ಲೊರೀನ್ ಎಂದೂ ಸಿಗರೇಟು ಸೇದಿದವಳಲ್ಲ.

ಅವಳೇ ನನ್ನನ್ನು ಬಸ್ ನಿಲ್ದಾಣಕ್ಕೆ ಬಿಟ್ಟಳು, ದಾರಿಗೆಂದು ಮೆಕ್ಕೆಜೋಳದ ಬ್ರೆಡ್ಡು ಕಟ್ಟಿಕೊಟ್ಟಳು. "ನನ್ನ ಹೆಸರು ಬರೆಯಿರಿ. ಆದರೆ ಶೆಡ್ಡು ಮುಚ್ಚಿ ಅಂತ ಬರೆಯಬೇಡಿ. ಅಣಬೆ ಬೆಳೆಯೋದು ನನಗಿಷ್ಟ. ನನಗೆ ಕೆಲಸ ಬೇಕು," ಎಂದಳು. ಕೆಲಸ ಕಳೆದುಕೊಂಡೂ ತನ್ನ ಹೆಸರನ್ನು ನನಗೆ ಒಪ್ಪಿಸಿದ ಆಕೆಗೂ, ಆಕೆಯ ಕೆಮ್ಮನ್ನು ನಂಬಿದ ವೈದ್ಯೆಗೂ ನಾನು ಋಣಿ.

ಮಾಲೀಕರೇ, ಈ ಬರಹದ ಇಂಗ್ಲಿಷ್ ಪ್ರತಿ ನಿಮಗೂ ಬರುತ್ತದೆ. ಕೊಡೆ ಅರಳುವ ಮುನ್ನ ಅಣಬೆ ಕೀಳಿಸಿ. ಗಾಳಿಕಿಂಡಿಗಳ ಹಲಗೆ ತೆಗೆಸಿ. ಶೆಡ್ಡಿನ ಧೂಳು ತಾಗದ ಹೊರಗಿನ ಪ್ಯಾಕಿಂಗ್ ಕೋಣೆಯಲ್ಲಿ, ಹಳೆಯ ಸಂಬಳಕ್ಕೇ, ಲೊರೀನ್‌ಗೆ ಜಾಗ ಮಾಡಿ. ಆಕೆ ಮತ್ತೆ ನಿಮ್ಮ ಬಾಗಿಲಿಗೆ ಬಂದಾಗ ಕಾರಣ ಹೇಳಬೇಡಿ, ಕೆಲಸ ಹೇಳಿ.